ಲೀಟರಿಗೆ ಎಷ್ಟು?

ಕನ್ನಡದ ಮೇಷ್ಟರಿಗೂ ಪಿಕಪ್ ಗಾಡಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ನಮ್ಮ ಕಾಲೇಜಿನಲ್ಲಿಯೂ ಕೇಳುತ್ತಾರೆ. ಮಾನ್ವಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಣ್ಣುವ ಒಂದಿಷ್ಟು ಭತ್ತದ ಗದ್ದೆ, ದೇವದುರ್ಗದ ಕಡೆ ಒಂದು ಹತ್ತಿಯ ಹೊಲ. ಇವುಗಳ ಜೊತೆಗೆ ತೀರಿಕೊಂಡ ತಂದೆಯವರು ನನಗೆ ಬಿಟ್ಟುಹೋದದ್ದು ಆ ಗಾಡಿ, ಅದರ ಡ್ರೈವರು, ಮತ್ತು ಒಂದು ಲೆಕ್ಕದ ಪುಸ್ತಕ. ನಾನು ರಾಯಚೂರಿನಲ್ಲಿ ಕುಳಿತು ಹಳಗನ್ನಡ ಪಾಠ ಹೇಳುವವನು. ಯಂತ್ರದ ವಿಷಯ ನನಗೆ ತಿಳಿಯದು. ಆದರೆ ಭಾಗಾಕಾರ ತಿಳಿಯುತ್ತಿತ್ತು. ಅನರ್ಥಕ್ಕೆಲ್ಲ ಅದೇ ಮೂಲ.

ತಂದೆಯವರ ಕ್ರಮ ಸರಳವಾದದ್ದು. ಟ್ಯಾಂಕನ್ನು ಕಂಠಮಟ್ಟ ತುಂಬಿಸಿ ಮೀಟರಿನ ಅಂಕಿ ಬರೆದುಕೊಳ್ಳುವುದು. ಮತ್ತೆ ಕಂಠಮಟ್ಟ ತುಂಬಿಸುವಾಗ ಎಷ್ಟು ಲೀಟರು ಹಿಡಿಯಿತೋ ಅಷ್ಟರಿಂದ ಓಡಿದ ದೂರವನ್ನು ಭಾಗಿಸುವುದು. ಇದಕ್ಕೆ ಮೈಲೇಜು ಎಂದು ಹೆಸರು. ರಸ್ತೆಯ ಬದಿಯಿಂದ ಮೈಲಿ ತೊಲಗಿ ಅರವತ್ತು ವರ್ಷಗಳಾದರೂ ಮಾತಿನಿಂದ ತೊಲಗಿಲ್ಲ. 2011ರಲ್ಲಿ ಗಾಡಿ ಮನೆಗೆ ಬಂದಾಗ ಲೀಟರಿಗೆ 14 ಕಿಲೋಮೀಟರು. 2018ರಲ್ಲಿ ಹನ್ನೆರಡೂವರೆ. ಪುಸ್ತಕ ನನ್ನ ಕೈಗೆ ಬಂದ ಮೇಲಿನ ಒಂದು ಆಷಾಢದಲ್ಲಿ 9.

ಡ್ರೈವರನ್ನು ಕರೆದು ಕೇಳಿದೆ. “ಗಾಳಿ ಎದುರಿಗೆ ಅದರೀ ಸರ. ಗಾಡೀನೂ ಯಾಕೋ ಹಿಡದಂಗ ಆಗ್ಯದ,” ಎಂದ. ಗಾಳಿಯ ಮೇಲೆ ತಪ್ಪು ಹೊರಿಸುವ ಆ ಜಾಣತನಕ್ಕೆ ನನಗೆ ನಗು ಬಂತು. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಾಗ ಗೆಳೆಯರೊಬ್ಬರು, “ಡೀಸೆಲ್ ಕುಡಿಯುವುದು ಇಂಜಿನ್ ಒಂದೇ ಅಲ್ಲ ಮಾರಾಯರೇ,” ಎಂದು ಚಹಾ ಹೀರಿದರು. ಆ ಮಾತು ಮನಸ್ಸಿನಲ್ಲಿ ಕುಳಿತುಬಿಟ್ಟಿತು.

ನಾನು ಅವನನ್ನು ಕಳ್ಳನೆಂದು ಕರೆಯಲಿಲ್ಲ. ಪ್ರತಿ ಸಲವೂ ಬಂಕಿನ ಚೀಟಿ ತರಬೇಕೆಂದೆ. ಟ್ಯಾಂಕಿನ ಮುಚ್ಚಳಕ್ಕೊಂದು ಬೀಗ ಹಾಕಿಸಿ ಕೈಯನ್ನು ನನ್ನ ಬಳಿ ಇಟ್ಟುಕೊಂಡೆ, ಅಷ್ಟೆ. ಬಾಯಿಬಿಟ್ಟು ಅನ್ನದಿದ್ದರೆ ಅಂದಂತಾಗಲಿಲ್ಲ ಎಂದು ಭಾವಿಸುವುದು ನಮ್ಮಂಥ ಓದಿದವರ ಒಂದು ಅಭ್ಯಾಸ. ಅವನು ಬೀಗವನ್ನು ಒಮ್ಮೆ ನೋಡಿದ, ನನ್ನನ್ನು ನೋಡಲಿಲ್ಲ. ತಿಂಗಳು ತುಂಬಿದ ದಿನ ಗಾಡಿಯ ಕೀಲಿಕೈಯನ್ನು ಬಾಗಿಲ ಮೊಳೆಗೆ ತೂಗುಹಾಕಿ ಹೋದ. ಹನ್ನೊಂದು ವರ್ಷ ಆ ಗಾಡಿಯನ್ನು ನಡೆಸಿದ್ದವನು.

ಮುಂದಿನ ವಾರ ಗೊಬ್ಬರದ ಚೀಲ ಹೇರಿಕೊಂಡು ದೇವದುರ್ಗಕ್ಕೆ ನಾನೇ ಹೊರಟೆ. ಗಬ್ಬೂರಿನ ಹತ್ತಿರ ಬಯಲಿನಲ್ಲಿ ಪಡುವಣ ಗಾಳಿ ಗಾಡಿಯ ಎದೆಗೆ ಕೈಯಿಟ್ಟು ತಡೆದಂತಾಯಿತು. ಮೇಲಿನ ತಾಡಪತ್ರೆ ಹಾಯಿಯಂತೆ ಉಬ್ಬಿ ಬಡಿದುಕೊಳ್ಳುತ್ತಿತ್ತು. ವೇಗ 40ರಿಂದ 60ಕ್ಕೆ ಏರಿದರೆ ಗಾಳಿಯ ತಡೆ ಎರಡು ಪಟ್ಟನ್ನೂ ಮೀರುತ್ತದೆಂದೂ, ಎದುರುಗಾಳಿಯ ವೇಗವನ್ನು ಅದಕ್ಕೇ ಕೂಡಿಸಿಕೊಳ್ಳಬೇಕೆಂದೂ ನಮ್ಮ ಭೌತಶಾಸ್ತ್ರದ ಅಧ್ಯಾಪಕರು ಆಮೇಲೆ ತಿಳಿಸಿದರು. ಹಿಂತಿರುಗಿ ಬಂದು, ನನ್ನ ಕೈಯಿಂದಲೇ ಬೀಗ ತೆಗೆದು, ಕಂಠಮಟ್ಟ ತುಂಬಿಸಿ ಭಾಗಿಸಿದೆ. ಎಂಟೂವರೆ.

ಮೆಕ್ಯಾನಿಕನು ಬಾನೆಟ್ ತೆರೆಯಲೂ ಇಲ್ಲ. ನಾಲ್ಕು ಗಾಲಿಗಳ ಬಳಿಯೂ ಕುಕ್ಕರಗಾಲಿನಲ್ಲಿ ಕುಳಿತು ಕೈ ಚಾಚಿದ. ಎಡಗಡೆಯ ಹಿಂದಿನ ಗಾಲಿಯ ಹತ್ತಿರ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡ. ಡ್ರಮ್ಮು ಕಾದ ಹೆಂಚಾಗಿತ್ತು. ಬ್ರೇಕು ಹಿಡಿದದ್ದು ಬಿಡುತ್ತಿರಲಿಲ್ಲ. ಎಷ್ಟು ದಿನದಿಂದಲೋ ಇಂಜಿನ್ನು ಬಿಗಿದ ಗಾಲಿಯೊಂದನ್ನು ಎಳೆದುಕೊಂಡು ಓಡುತ್ತಿತ್ತು. ಏರ್ ಫಿಲ್ಟರ್ ಬಿಚ್ಚಿದರೆ ಹತ್ತಿಯ ನಾರು, ಭತ್ತದ ದೂಳು. ಟೈರುಗಳಲ್ಲಿ ಗಾಳಿ ಕಡಿಮೆ. ಡೀಸೆಲನ್ನು ಮಂಜಿನಂತೆ ಚಿಮ್ಮಬೇಕಾದ ಇಂಜೆಕ್ಟರುಗಳಲ್ಲೊಂದು ಹನಿ ಬೀಳಿಸುತ್ತಿತ್ತು.

ರಿಪೇರಿಯಾಗುವವರೆಗೆ ಕೋಟೆಯ ಕಡೆ ನಡೆದೆ. 1294ರ ಆ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಉದ್ದದ ಒಂದು ಕಲ್ಲು ಇದೆ. ಅದನ್ನು ಗಾಡಿಯ ಮೇಲೆ ಹೇರಿ ತಂದ ಬಗೆಯನ್ನೂ ಅಲ್ಲಿಯೇ ಗೀರಿ ತೋರಿಸಿದ್ದಾರೆ. ಎಳೆಯುವ ಪಶುಗಳ ಉದ್ದ ಸಾಲು, ಗಾಲಿಗಳಿಗೆ ಸನ್ನೆಗೋಲು ಕೊಟ್ಟು ನೂಕುವ ಜನ. ವಿದ್ಯಾರ್ಥಿಗಳಿಗೆ ಹತ್ತಾರು ಬಾರಿ ತೋರಿಸಿದ್ದೇನೆ. ಆ ದಿನ ಮಾತ್ರ, ಗಾಡಿ ನಿಂತಾಗಲೆಲ್ಲ ಮೊದಲ ಏಟು ಪಶುಗಳಿಗೇ ಬಿದ್ದಿರಬೇಕು, ಅಚ್ಚನ್ನು ಬಗ್ಗಿ ನೋಡಿದವನು ಯಾವಾಗ ಬಂದನೋ ಎನ್ನಿಸಿತು.

ರಿಪೇರಿಯ ನಂತರ 12 ಬಂತು. ಉಳಿದೆರಡು ಎಲ್ಲಿ ಎಂದು ಕೇಳಿದೆ. ಒಳಗಿನ ರಿಂಗುಗಳು ಸವೆದು ಒತ್ತಡ ಪಕ್ಕದಿಂದ ಸೋರುತ್ತದೆ ಎಂದು ವಿವರಿಸಿ, “ಅದು ವಯಸ್ಸು ಸರ. ಅದಕ್ಕ ನನ್ನ ಹತ್ರ ಪಾನಾ ಇಲ್ಲ,” ಎಂದ.

ಅಂಕಿಯನ್ನು ಬರೆಯಲು ರಾತ್ರಿ ಪುಸ್ತಕ ತೆಗೆದು ಸುಮ್ಮನೆ ಹಿಂದಿನ ಹಾಳೆಗಳನ್ನು ಮಗುಚಿದೆ. ವರ್ಷವರ್ಷವೂ ಆಷಾಢ ಬಂದಾಗ ಅಂಕಿ ಒಂದು ಒಂದೂವರೆ ಇಳಿದಿದೆ, ಅದರ ಪಕ್ಕದಲ್ಲಿ ತಂದೆಯವರ ಸಣ್ಣ ಅಕ್ಷರದಲ್ಲಿ ಒಂದೇ ಪದ: “ಗಾಳಿ.” ಕನ್ನಡದ ಮೇಷ್ಟರು ಅಂಕಿಗಳನ್ನು ಮಾತ್ರ ಓದಿದ್ದರು.

ಅವನು ಈಗ ಮಾನ್ವಿಯಲ್ಲಿ ಒಂದು ಅಕ್ಕಿ ಗಿರಣಿಯ ಲಾರಿ ನಡೆಸುತ್ತಾನೆಂದು ತಿಳಿದು ಒಂದು ಭಾನುವಾರ ಹೋದೆ. ಚಹಾದ ಅಂಗಡಿಯ ಮುಂದೆ ಸಿಕ್ಕ. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಅವನೇ ಮೊದಲು ಕೇಳಿದ:

“ಈಗ ಎಷ್ಟು ಕೊಡ್ತದರೀ?”

“ಹನ್ನೆರಡು.”

“ಎಡಗಡಿ ಹಿಂದಿನ ಗಾಲಿ ನೋಡ್ಸಿದ್ರೇನು?”

ಹೂಂ ಎಂದೆ. ಅವನು ತಲೆಯಾಡಿಸಿದ. ಜೋಡಿಸಿಕೊಂಡ ಮಾತುಗಳನ್ನು ನಾನು ಹುಡುಕುತ್ತಿರುವಾಗಲೇ ಎರಡು ಚಹಾದ ಹಣ ಕೊಟ್ಟು, “ಬರ್ತೀನ್ರೀ ಸರ, ಲೋಡ್ ಅದ,” ಎಂದು ಲಾರಿ ಹತ್ತಿದ. ಚಿಲ್ಲರೆಗೆಂದು ಜೇಬಿಗೆ ಹಾಕಿದ ನನ್ನ ಕೈಗೆ ಸಿಕ್ಕದ್ದು ಟ್ಯಾಂಕಿನ ಬೀಗದ ಕೈ.