ಅಯಸ್ಕಾಂತದ ಬಿಲ್ಲೆಯೂ ನಮ್ಮ ನಾಲ್ಕು ಊರುಗಳೂ

ಕ್ಷೇತ್ರದರ್ಶನ ಮುಗಿಸಿದವರು ಬರಿಗೈಯಲ್ಲಿ ಹಿಂದಿರುಗಬಾರದೆಂಬುದು ನಮ್ಮ ಮನೆತನಗಳಲ್ಲಿ ರೂಢಿಯಿಂದ ಬಂದ ಮಾತು. ವಿಭೂತಿಯ ಗಟ್ಟಿ, ಗಾಜಿನ ಚೌಕಟ್ಟಿನ ಪಟ, ಮಕ್ಕಳಿಗೆ ಬೆಂಡು-ಬತ್ತಾಸು ಹಿಂದಿನವರ ಚೀಲದಲ್ಲಿರುತ್ತಿದ್ದವು. ಈಗ ಅವುಗಳೊಡನೆ ಇನ್ನೊಂದು ಪುಟ್ಟ ವಸ್ತು ಸೇರಿದೆ: ಬೆನ್ನಿಗೆ ಅಯಸ್ಕಾಂತವನ್ನು ಅಂಟಿಸಿ, ಮುಂಭಾಗದಲ್ಲಿ ಒಂದು ಊರಿನ ಚಿತ್ರವನ್ನು ಮೂಡಿಸಿದ ಬಿಲ್ಲೆ. ಫ್ರಿಜ್ಜಿನ ಬಾಗಿಲೇ ಅದರ ನೆಲೆ. ಭಕ್ತರ ಮನೆಗಳಿಗೆ ಪ್ರಸಾದಕ್ಕೆ ಹೋದಾಗ ನಾವು ಈ ಬಾಗಿಲುಗಳನ್ನು ಕುತೂಹಲದಿಂದ ನೋಡುವುದುಂಟು. ಮೈಸೂರಿನ ಅರಮನೆ, ಹಂಪೆಯ ಕಲ್ಲಿನ ರಥ, ವಿಧಾನಸೌಧ. ಮಗನೋ ಮಗಳೋ ಪರದೇಶದಲ್ಲಿದ್ದರೆ ಅಲ್ಲಿನದೊಂದು ಗೋಪುರ. ಆ ಮನೆಯಿರುವ ಊರು ಮಾತ್ರ ಅಲ್ಲಿ ಕಾಣುವುದಿಲ್ಲ.

ಬೆಂಗಳೂರು ಗ್ರಾಮಾಂತರದಲ್ಲಿ ಈ ಕೊರತೆ ಹೆಚ್ಚು ಎದ್ದು ತೋರುತ್ತದೆ. 1986ರಲ್ಲಿ ರಚನೆಯಾದ ಈ ಜಿಲ್ಲೆಗೆ ತನ್ನದೆಂಬ ಹೆಸರೇ ದೊರೆಯಲಿಲ್ಲ. ನಗರವನ್ನು ಕಳೆದು ಉಳಿದದ್ದು ಎಂಬರ್ಥದ ಹೆಸರು ಬಂದಿತು. 2007ರಲ್ಲಿ ರಾಮನಗರ ಜಿಲ್ಲೆ ಬೇರೆಯಾದ ಮೇಲೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳೆಂಬ ನಾಲ್ಕು ತಾಲ್ಲೂಕುಗಳು ಉಳಿದವು. 2025ರ ಜುಲೈ ತಿಂಗಳಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟವು ಇದನ್ನು 'ಬೆಂಗಳೂರು ಉತ್ತರ' ಎಂದು ಕರೆಯಲು ಒಪ್ಪಿತು. ಗ್ರಾಮಾಂತರ ಹೋಗಿ ಉತ್ತರ ಬಂದರೂ ಊರು ಬೆಂಗಳೂರೇ! 2008ರಿಂದ ವಿಮಾನಗಳು ಇಳಿಯುತ್ತಿರುವುದು ದೇವನಹಳ್ಳಿಯ ನೆಲಕ್ಕೆ. ಇಳಿದವರು ಹೇಳುವುದು ಬೆಂಗಳೂರಿಗೆ ಬಂದೆವೆಂದು.

ಹಾಗಾದರೆ ದೇವನಹಳ್ಳಿಯ ಬಿಲ್ಲೆಯ ಮೇಲೆ ಏನಿರಬೇಕು? ಕೋಟೆಯೆಂದು ಯಾರಾದರೂ ಹೇಳಿಯಾರು. 1501ರಲ್ಲಿ ಆವತಿಯ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡರು ಕಟ್ಟಿದ ಮಣ್ಣಿನ ಕೋಟೆ ಮುಂದೆ ಹೈದರ್-ಟಿಪ್ಪು ಕಾಲದಲ್ಲಿ ಕಲ್ಲಿನದಾಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೇನೆಗೆ ವಶವಾಯಿತು. ಟಿಪ್ಪುವಿನ ಜನ್ಮಸ್ಥಳವೂ ಅದರ ಹತ್ತಿರದಲ್ಲಿಯೇ ಇದೆ. ಆದರೂ ನಮ್ಮ ಆಯ್ಕೆ ಚಕ್ಕೋತ ಹಣ್ಣು. ಕೋಟೆಯನ್ನು ಕಾಯಲು ಪುರಾತತ್ವ ಇಲಾಖೆಯಿದೆ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದ್ದರೂ, ಮಾನ್ಯತಾಪತ್ರವು ಮರಕ್ಕೆ ನೆಲವನ್ನು ಕೊಡಲಾರದು. ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಗಳಿಗೂ ಮಿಕ್ಕಿ ಹೋರಾಡಿದ ಬಳಿಕ, 2025ರ ಜುಲೈನಲ್ಲಿ ಸರ್ಕಾರವು 1,777 ಎಕರೆಯ ಭೂಸ್ವಾಧೀನವನ್ನು ಕೈಬಿಟ್ಟಿತು. ಊರಿನ ಅಭಿಮಾನವೆಂದರೆ ಅಲ್ಲಿನ ಜನರಿಗೆ ಏನೆಂಬುದು ಆಗ ತಿಳಿಯಿತು. ಹಣ್ಣಿನ ಚಿತ್ರವೊಂದು ಫ್ರಿಜ್ಜಿನ ಮೇಲೂ, ಹಣ್ಣು ಅದರೊಳಗೂ ಇರುವಂತಾದರೆ ಲೇಸು.

ದೊಡ್ಡಬಳ್ಳಾಪುರಕ್ಕೆ ರೇಷ್ಮೆಯ ಮಗ್ಗವಿದೆ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಿದೆ. ಆದರೆ ನಮ್ಮ ಮನಸ್ಸನ್ನು ಹಿಡಿದಿರುವುದು ಅದೇ ತಾಲ್ಲೂಕಿನ ರಾಜಘಟ್ಟ. ಅಲ್ಲಿ 2001ರಲ್ಲಿ ಆರಂಭವಾದ ಉತ್ಖನನದಲ್ಲಿ ಬೌದ್ಧ ಚೈತ್ಯ-ವಿಹಾರಗಳ ತಳಪಾಯದೊಂದಿಗೆ, ಹರಕೆಯಾಗಿ ಒಪ್ಪಿಸಿದ ಮಣ್ಣಿನ ಪುಟ್ಟ ಸ್ತೂಪಗಳು ದೊರೆತವು. ಅಂದಿನ ಯಾತ್ರಿಕನು ಇಂಥ ಚಿಕ್ಕ ವಸ್ತುವನ್ನು ಕ್ಷೇತ್ರದಲ್ಲಿ ಬಿಟ್ಟು ಹೋಗುತ್ತಿದ್ದನು; ಇಂದಿನವನು ಕೊಂಡು ಹೋಗುತ್ತಾನೆ. ಬಿಟ್ಟು ಹೋದದ್ದು ಶತಮಾನಗಳ ಕಾಲ ಮಣ್ಣಿನಲ್ಲಿ ಉಳಿಯಿತು. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಬಿಲ್ಲೆಯೂ ಬಹುಕಾಲ ಉಳಿದೀತು, ಆದರೆ ಕಸವಾಗಿ. 2007ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು ಅರಗಿನ ಬಣ್ಣ ಕೂಡಿಸುವ ಕುಶಲಿಗಳಿರುವಾಗ ಪ್ಲಾಸ್ಟಿಕ್ಕಿಗೇಕೆ ಮೊರೆಹೋಗಬೇಕು?

ಹೊಸಕೋಟೆಗೆ ಅವಿಮುಕ್ತೇಶ್ವರನ ಗುಡಿಯೂ ವಿಶಾಲವಾದ ಕೆರೆಯೂ ಸಾಕು.

ನೆಲಮಂಗಲದ್ದೇ ಕಷ್ಟ. ಸುಮಾರು 4,500 ಅಡಿ ಎತ್ತರದ ಶಿವಗಂಗೆ ದಕ್ಷಿಣಕಾಶಿಯೆಂದು ಹೆಸರಾದುದು. ಅಲ್ಲಿನ ಮೇಲಣಗವಿ ಮಠ ನಮ್ಮ ಓದುಗರಿಗೆ ಪರಿಚಿತವೇ. ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿದ ತುಪ್ಪ ಬೆಣ್ಣೆಯಾಗುವುದೆಂಬ ನಂಬಿಕೆಯನ್ನಾಗಲಿ, ಒಳಕಲ್ಲು ತೀರ್ಥದ ಕುಳಿಯಲ್ಲಿ ಕೈಯಿಳಿಸಿ ನೀರು ಸಿಕ್ಕೀತೋ ಇಲ್ಲವೋ ಎಂದು ತಡಕಾಡುವ ಆ ಒಂದು ಗಳಿಗೆಯನ್ನಾಗಲಿ ಯಾವ ಬಿಲ್ಲೆಯೂ ಹೊರಲಾರದು. ಬೆಟ್ಟದ ಆಕಾರವನ್ನಾದರೂ ಬರೆಯೋಣವೆಂದರೆ ಅದೂ ಒಂದಲ್ಲ. ಪೂರ್ವದಿಂದ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ ಎಂದು ಜನ ಹೇಳುತ್ತಾರೆ. ನಾಲ್ಕು ದಿಕ್ಕಿನ ಹಳ್ಳಿಗಳವರೂ ತಮ್ಮ ಹಿತ್ತಿಲಿನಿಂದ ಕಾಣುವುದೇ ನಿಜವಾದ ಶಿವಗಂಗೆಯೆಂದು ವಾದಿಸುವುದು ಖಂಡಿತ. ನಾಲ್ಕು ಬಗೆಯ ಬಿಲ್ಲೆಗಳನ್ನು ಮಾಡಿಸುವುದೇ ಒಳಿತು. ಕೊಳ್ಳುವವರು ತಮ್ಮ ದಿಕ್ಕಿನದನ್ನು ಆರಿಸಿಕೊಳ್ಳಲಿ.