ಕಲ್ಲಿನ ಅಳತೆ

ಮೂರು ದಿನಗಳ ರಜೆ ಒಟ್ಟಿಗೆ ಬಂದಿತೆಂದರೆ ಬೆಂಗಳೂರಿನ ಪಶ್ಚಿಮ ಭಾಗದ ಮನೆಗಳು ಒಂದೇ ರಾತ್ರಿಯಲ್ಲಿ ಬರಿದಾಗುತ್ತವೆ. ಕೆಂಗೇರಿಯ ಬಳಿ ಮೈಸೂರು ರಸ್ತೆಯಲ್ಲಿ ಕಾರುಗಳು ಸಾಲುಗಟ್ಟುತ್ತವೆ. ರಾಜಾಜಿನಗರದ ನವರಂಗ್ ವೃತ್ತದಲ್ಲಿ ಕರಾವಳಿಯ ಬಸ್ಸಿಗೆ ಕಾಯುವವರ ಚೀಲಗಳು ಫುಟ್‌ಪಾತನ್ನು ತುಂಬುತ್ತವೆ. ಆ ಭಾನುವಾರ ದೇವಾಲಯದ ಬೆಂಚುಗಳಲ್ಲಿಯೂ ಖಾಲಿ ಜಾಗ ಎದ್ದು ಕಾಣುತ್ತದೆ. ಇದನ್ನು ಕಂಡು ಬೇಸರಿಸುವ ಗುರುಗಳಿದ್ದಾರೆ. ದುಡಿದು ದಣಿದವನಿಗೆ ವಿಶ್ರಾಂತಿಯೂ ಒಂದು ಕರ್ತವ್ಯವೆಂದು ತಿಳಿದವನು ನಾನು. ಆದರೆ ಹೋದವರು ಹಿಂದಿರುಗುವಾಗ ಏನನ್ನು ಹೊತ್ತು ತರುತ್ತಾರೆ ಎಂಬ ಕುತೂಹಲ ಮಾತ್ರ ನನಗೆ ಸದಾ ಇದೆ. ಈಚಿನ ವರ್ಷಗಳಲ್ಲಿ ಬಹುತೇಕರು ತರುವುದು ಛಾಯಾಚಿತ್ರಗಳನ್ನು. ಅವುಗಳಲ್ಲಿಯೂ ಹೆಚ್ಚಿನವು ತಮ್ಮದೇ ಮುಖದ ಚಿತ್ರಗಳು.

ಬಸವೇಶ್ವರನಗರದಲ್ಲಿ ನೆಲೆಸಿರುವ, ನನಗೆ ಬಹುಕಾಲದಿಂದ ಪರಿಚಿತರಾದ ದಂಪತಿಯೊಬ್ಬರು ತಂದ ಚಿತ್ರಗಳು ಬೇರೆ ಬಗೆಯವು. ಪತಿ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದವರು. ಮಿಲಿಮೀಟರಿನ ನೂರನೆಯ ಒಂದು ಭಾಗವನ್ನೂ ಅಳೆದು ನೋಡಿ ಅಭ್ಯಾಸವಾದ ಕಣ್ಣು ಅವರದು. ಪತ್ನಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವರು. 2022ರಲ್ಲಿ ಆಕೆಗೆ ಸ್ತನ ಕ್ಯಾನ್ಸರ್ ಎಂದು ತಿಳಿದುಬಂತು. ಶಸ್ತ್ರಚಿಕಿತ್ಸೆ, ಕಿಮೋ, ವಿಕಿರಣ ಚಿಕಿತ್ಸೆ ಎಲ್ಲವೂ ಆದವು. ಉದುರಿದ ಕೂದಲು ಮತ್ತೆ ಬಂತು. ಬಾರದೆ ಉಳಿದದ್ದು ಒಂದು: ಆಕೆ ಯಾರ ಕ್ಯಾಮೆರಾದ ಮುಂದೆಯೂ ನಿಲ್ಲಲೊಲ್ಲರು. ತಂಗಿಯ ಮಗಳ ಮದುವೆಯಲ್ಲಿ ಎಲ್ಲರೂ ವೇದಿಕೆ ಏರಿದಾಗ ಇವರು ಅಡುಗೆಯ ಕಡೆ ಹೋಗಿ ಕುಳಿತರಂತೆ. ಮೊದಮೊದಲು ಪತಿ ಒತ್ತಾಯಿಸಿದರು. ಆಮೇಲೆ ಕೇಳುವುದನ್ನೇ ಬಿಟ್ಟರು. ಕ್ಯಾಮೆರಾ ಬೀರುವಿನ ಮೇಲಿನ ಅರೆಯನ್ನು ಸೇರಿತು.

2024ರ ಗಣರಾಜ್ಯೋತ್ಸವ ಶುಕ್ರವಾರ ಬಂದಿತ್ತು. "ಕರಾವಳಿಯ ಕಲ್ಲುಗಳನ್ನು ನೋಡಿ ಬರೋಣ" ಎಂದವರು ಪತ್ನಿಯೇ. ಗುರುವಾರ ರಾತ್ರಿಯ ಬಸ್ಸಿನಲ್ಲಿ ಹೊರಟರು. ಅಂದು ಹುಣ್ಣಿಮೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಕಡಲಿನ ಉಬ್ಬರವಿಳಿತ ಹೆಚ್ಚು; ಇಳಿತದ ಹೊತ್ತಿನಲ್ಲಿ ನೀರು ದೂರ ಸರಿದು, ಬೇರೆ ದಿನಗಳಲ್ಲಿ ಮುಳುಗಿರುವ ಬಂಡೆಗಳೂ ತಲೆಯೆತ್ತುತ್ತವೆ. ಇದನ್ನು ಲೆಕ್ಕ ಹಾಕಿಯೇ ಆಕೆ ದಿನವನ್ನು ಆರಿಸಿದ್ದರು.

ಮೊದಲ ಸಂಜೆ ಕಾಪುವಿನಲ್ಲಿ, 1901ರಲ್ಲಿ ಕಟ್ಟಿದ ದೀಪಸ್ತಂಭ ನಿಂತಿರುವ ಬಂಡೆಯ ಬಳಿ ಕಳೆಯಿತು. ಮರುದಿನ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದರು. ಮಳೆಗಾಲದಲ್ಲಿ ಈ ದೋಣಿಗಳು ಓಡುವುದಿಲ್ಲ; ದ್ವೀಪದಲ್ಲಿ ರಾತ್ರಿ ತಂಗುವಂತೆಯೂ ಇಲ್ಲ. ಆದುದರಿಂದ ಛಾಯಾಗ್ರಾಹಕನಿಗೆ ಅಲ್ಲಿ ಸಿಗುವುದು ನಡುಹಗಲಿನ ಕಠೋರ ಬೆಳಕು. ಕಪ್ಪು ಕಲ್ಲಿಗೆ ಹೊಂದಿಸಿದರೆ ನೊರೆ ಸುಣ್ಣದಂತೆ ಬೆಳ್ಳಗಾಗಿ ಹೋಗುತ್ತದೆ. ನೊರೆಗೆ ಹೊಂದಿಸಿದರೆ ಕಲ್ಲು ಇದ್ದಿಲಾಗುತ್ತದೆ. ಪತಿ ಅದರೊಂದಿಗೆ ಸೆಣಸುತ್ತಲೇ ಇದ್ದರು.

ಆ ದ್ವೀಪದಲ್ಲಿ ಕಲ್ಲುಗಳು ಕಂಬಕಂಬವಾಗಿ ನಿಂತಿವೆ. ಐದು, ಆರು, ಏಳು ಮುಖಗಳ ಕಂಬಗಳನ್ನು ಯಾರೋ ಕಡೆದು ಒತ್ತೊತ್ತಾಗಿ ಜೋಡಿಸಿಟ್ಟಂತೆ ಕಾಣುತ್ತದೆ. ಟೂಲ್‌ರೂಮಿನ ಮನುಷ್ಯನಿಗೆ ಬೆರಗು. "ಗೇಜಿಲ್ಲದೆ, ಲೇತಿಲ್ಲದೆ ಇದು ಹೇಗೆ ಬಂತು?" ಎಂದರಂತೆ.

"ಒಣಗಿದ ಕೆರೆಯಲ್ಲಿ ಕೆಸರು ಬಿರುಕು ಬಿಟ್ಟಿದ್ದನ್ನ ನೋಡಿಲ್ವೇನ್ರೀ? ಹಾಗೇ ಇದು" ಎಂದು ಪತ್ನಿ ಪಾಠ ಹೇಳಿದರು.

ಆಕೆ ಹೇಳಿದ್ದು ಸರಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಉಕ್ಕಿ ಹರಿದ ಲಾವಾ ಇಲ್ಲಿ ತಣಿಯಿತು. ತಣಿಯುವ ವಸ್ತು ಕುಗ್ಗುತ್ತದೆ. ಎಲ್ಲೆಡೆ ಸಮನಾಗಿ ಕುಗ್ಗಲು ಎಡೆಯಿಲ್ಲದಿದ್ದಾಗ ಬಿರಿಯುತ್ತದೆ. ಮೇಲ್ಮೈಯಲ್ಲಿ ಮೂಡಿದ ಬಿರುಕು ತಣಿತ ಇಳಿದಂತೆಲ್ಲ ಒಳಗೆ ಇಳಿಯುತ್ತದೆ. ನಿಧಾನವಾಗಿ ತಣಿದಷ್ಟೂ ಕಂಬ ದಪ್ಪವಾಗುತ್ತದೆ. ಅವಸರವಾಗಿ ತಣಿದರೆ ಸಣ್ಣದಾಗುತ್ತದೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಎಂಬ ಕಡಲತೀರದಲ್ಲಿ ಸುಮಾರು 40,000 ಕಂಬಗಳು ಹೀಗೆಯೇ ಆದವು. ಎಂದರೆ, ಜನರು ದೋಣಿಯೇರಿ ನೋಡಲು ಹೋಗುವುದು ಬಿರುಕುಗಳನ್ನೇ. ಬಿರುಕು ಬಿಡದಿದ್ದರೆ ಆ ಲಾವಾ ಆಕಾರವಿಲ್ಲದ ಒಂದು ಕರಿಯ ಹಾಸಾಗಿ ಉಳಿಯುತ್ತಿತ್ತು.

ಈ ಕಂಬಗಳ ಎತ್ತರ ಚಿತ್ರದಲ್ಲಿ ತಿಳಿಯುತ್ತಿಲ್ಲವೆಂಬುದು ಪತಿಯ ಕೊರಗು. ಪಕ್ಕದಲ್ಲಿ ಪರಿಚಿತ ವಸ್ತುವೊಂದು ಇಲ್ಲದಿದ್ದರೆ ಹತ್ತು ಅಡಿಯ ಕಲ್ಲೂ ಒಂದೇ, ಗೇಣುದ್ದದ ಕಲ್ಲೂ ಒಂದೇ. ಭೂವಿಜ್ಞಾನಿಗಳು ಬಂಡೆಯ ಚಿತ್ರ ತೆಗೆಯುವಾಗ ಪಕ್ಕದಲ್ಲಿ ಸುತ್ತಿಗೆಯನ್ನೋ ನಾಣ್ಯವನ್ನೋ ಇಡುತ್ತಾರೆ. ದೊಡ್ಡ ಬಂಡೆಯಾದರೆ ಒಬ್ಬ ಮನುಷ್ಯನನ್ನೇ ನಿಲ್ಲಿಸುತ್ತಾರೆ. ಇದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದ ಪತ್ನಿ ಒಂದು ಕ್ಷಣ ಸುಮ್ಮನಿದ್ದು, ಚಪ್ಪಲಿ ಸರಿಪಡಿಸಿಕೊಂಡು, ನೀರಿನಿಂದ ದೂರದಲ್ಲಿದ್ದ ಒಂದು ಕಂಬದ ಪಕ್ಕಕ್ಕೆ ಹೋಗಿ ನಿಂತರು. "ನನ್ನ ಫೋಟೊ ಅಲ್ಲ, ಕಲ್ಲಿನ ಫೋಟೊ" ಎಂದರು.

ಸುಮಾರು ಎರಡು ವರ್ಷಗಳ ಬಳಿಕ ತೆಗೆದ ಅವರ ಮೊದಲ ಚಿತ್ರ ಅದು. ನನ್ನ ಮೇಜಿನ ಮೇಲೆ ಅದನ್ನು ಇರಿಸಿದಾಗ ಪತಿ ಒಂದೇ ಮಾತು ಹೇಳಿದರು: "ಸ್ವಾಮಿ, ನಾನು ಕೇಳಲಿಲ್ಲ."

ಆ ಚಿತ್ರದಲ್ಲಿ ನಗುವಿಲ್ಲ, ಭಂಗಿಯಿಲ್ಲ. ಮುಖ ಅರ್ಧ ನೆರಳಿನಲ್ಲಿದೆ; ಗಿಡ್ಡ ಕೂದಲು ಗಾಳಿಗೆ ಎದ್ದಿದೆ. ಕಂಬದ ತುದಿ ಅವರ ತಲೆಗಿಂತ ಬಹಳ ಮೇಲಿದೆ. ಕಲ್ಲು ಎಷ್ಟು ದೊಡ್ಡದೆಂದು ಈಗ ತಿಳಿಯುತ್ತದೆ. ಅದರ ಪಕ್ಕದಲ್ಲಿ ನಿಲ್ಲಬಲ್ಲವರು ಎಷ್ಟು ಗಟ್ಟಿಗರೆಂಬುದೂ ತಿಳಿಯುತ್ತದೆ.

ದ್ವೀಪದ ಹೆಸರಿನ ಕಥೆ ಓದುಗರಿಗೆ ತಿಳಿದಿರಬಹುದು. ವಾಸ್ಕೋ ಡ ಗಾಮ 1498ರಲ್ಲಿ ಇತ್ತ ಬಂದಾಗ ಇಲ್ಲಿ ಒಂದು ಕಲ್ಲಿನ ಸ್ತಂಭ ನೆಟ್ಟು, ಅದಕ್ಕೆ ಸಂತ ಮರಿಯಮ್ಮನವರ ಹೆಸರಿಟ್ಟನೆಂಬುದು ಪ್ರಸಿದ್ಧ. ತಾನು ಬಂದದ್ದಕ್ಕೆ ಗುರುತಿರಲೆಂದು ನಾವಿಕನು ನೆಟ್ಟ ಆ ಕಂಬ ಇಂದು ಕಾಣಸಿಗದು. ಯಾರೂ ನೆಡದ ಕಂಬಗಳು ಮಾತ್ರ ನಿಂತಿವೆ, ಆ ತಾಯಿಯ ಹೆಸರೂ ನಿಂತಿದೆ. ಶಿಲುಬೆಯ ಬಳಿ ಆ ತಾಯಿ ಮಾಡಿದ್ದೂ ನಿಲ್ಲುವ ಕೆಲಸವನ್ನೇ. ಅಲ್ಲಿ ಆಕೆ ಒಂದು ಮಾತನ್ನಾದರೂ ಆಡಿದರೆಂದು ಶುಭಸಂದೇಶ ಹೇಳುವುದಿಲ್ಲ.

ಗುರುತು ಬಿಡಬೇಕೆಂಬ ಆಸೆ ನಾವಿಕನೊಂದಿಗೆ ಮುಗಿಯಲಿಲ್ಲ. ಅಲೆಯ ಅಂಚಿಗೆ ಹೋಗಿ, ಪಾಚಿಗಟ್ಟಿದ ಬಂಡೆಯ ಮೇಲೆ ನಿಂತು, ಕಡಲಿಗೆ ಬೆನ್ನು ಮಾಡಿ ತಮ್ಮ ಚಿತ್ರ ತೆಗೆದುಕೊಳ್ಳುವ ಕಿರಿಯರು ಇಂದು ಎಲ್ಲೆಡೆಯೂ ಇದ್ದಾರೆ. ಇದೇ ದ್ವೀಪದಲ್ಲಿ 2022ರ ಏಪ್ರಿಲ್‌ನಲ್ಲಿ, ಪ್ರವಾಸಕ್ಕೆ ಬಂದಿದ್ದ ಕೇರಳದ ವಿದ್ಯಾರ್ಥಿಗಳು ಕಡಲ ಪಾಲಾದರು. ಬಂಡೆಯ ಮೇಲೆ ನಿಲ್ಲುವಾಗ ಕಣ್ಣು ಕಡಲಿನ ಮೇಲಿರಲಿ ಎಂದು ಹಿರಿಯರು ಮಕ್ಕಳಿಗೆ ಹೇಳಲೇಬೇಕು.

ಭಾನುವಾರ ಬೆಳಿಗ್ಗೆ ದಂಪತಿ ಬಲಿಪೂಜೆ ಮುಗಿಸಿಕೊಂಡು ಮರವಂತೆಗೆ ಹೋದರು. ಒಂದು ಕಡೆ ಸೌಪರ್ಣಿಕಾ ನದಿ, ಒಂದು ಕಡೆ ಅರಬ್ಬಿ ಸಮುದ್ರ, ನಡುವೆ ಹೆದ್ದಾರಿ. ಅಲ್ಲಿ ತೀರದುದ್ದಕ್ಕೂ ಬಿದ್ದಿರುವ ಒರಟು ಬಂಡೆಗಳು ಚಿತ್ರಕ್ಕೆ ಬಲು ಸೊಗಸು. ಆದರೆ ಅವು ಕಡಲ್ಕೊರೆತ ತಡೆಯಲು ಲಾರಿಗಳಲ್ಲಿ ತಂದು ಸುರಿದವು. ಮೀನು ಒಣಗಿಸುತ್ತಿದ್ದ ಒಬ್ಬ ತಾಯಿ, ಮಳೆಗಾಲದಲ್ಲಿ ಅಲೆಯ ಸದ್ದಿಗೆ ಎಷ್ಟೋ ರಾತ್ರಿ ನಿದ್ದೆಯಿಲ್ಲವೆಂದು ಹೇಳಿದರಂತೆ. ಪತಿ ಆಕೆಯ ಅನುಮತಿ ಕೇಳಿ, ಬಂಡೆಗಳ ಹಿಂದಿನ ಮನೆಯನ್ನೂ ಸೇರಿಸಿ ಮತ್ತೊಂದು ಚಿತ್ರ ತೆಗೆದರು. ಮನೆಯಿಲ್ಲದ ಚಿತ್ರ ನೋಡಲು ಚೆಂದ. ಮನೆಯಿರುವ ಚಿತ್ರದಲ್ಲಿ ಮಾತ್ರ, ಆ ಕಲ್ಲುಗಳು ಯಾರಿಗೆ ಎಷ್ಟು ಬೇಕಾಗಿವೆ ಎಂಬುದು ತಿಳಿಯುತ್ತದೆ.

ರೋಗ ಹೊಕ್ಕ ಮನೆಗಳಿಗೆ ನಾನು ಆಗಾಗ ಹೋಗುತ್ತೇನೆ. ಮನೆಯವರು ಪ್ರೀತಿಯಿಂದಲೇ ಅವಸರಪಡುತ್ತಾರೆ: "ಎಲ್ಲ ಮುಗಿಯಿತಲ್ಲ, ಮೊದಲಿನಂತೆ ನಗು, ಮೊದಲಿನಂತೆ ಇರು" ಎನ್ನುತ್ತಾರೆ. ಬೆಂಕಿಯ ಮೂಲಕ ಹಾದುಬಂದವರು ತಣಿಯಲು ಕಾಲ ಬೇಕು. ಅವಸರಪಡಿಸಿದರೆ ಬಿರುಕು ಸಣ್ಣಸಣ್ಣದಾಗಿ ಒಡೆಯುತ್ತದೆ. ಕಾದರೆ ಅದು ತನ್ನದೇ ಒಂದು ಆಕಾರ ಪಡೆಯುತ್ತದೆ. ಮೊದಲಿನ ಆಕಾರವಲ್ಲ, ಬೇರೊಂದು. ಆ ಪತಿ ಕ್ಯಾಮೆರಾ ಹಿಡಿದು ಕಲ್ಲನ್ನೇ ನೋಡುತ್ತ ಹತ್ತಿರದಲ್ಲಿದ್ದರು. ಪತ್ನಿ ತಮ್ಮ ಹೊತ್ತಿಗೆ ತಾವು ಬಂದು ನಿಂತರು. ಆಕೆ ಇಂದಿಗೂ ತಪಾಸಣೆಗೆ ಹೋಗಿಬರುತ್ತಾರೆ. ಪ್ರತಿ ಸಲವೂ ವರದಿ ಕೈಗೆ ಬರುವವರೆಗೆ ಆ ಮನೆಯಲ್ಲಿ ಮೌನವಿರುತ್ತದೆ.

ಕರಾವಳಿಗೆ ಹೋಗಲು ಎಲ್ಲರಿಗೂ ಅನುಕೂಲವಿರದು. ಅಂಥವರು ರಾಜಾಜಿನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಲಾಲ್‌ಬಾಗಿನಲ್ಲಿ ಇಳಿಯಬಹುದು. ಕೆಂಪೇಗೌಡರ ಗೋಪುರ ಹೊತ್ತಿರುವ ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಸೇಂಟ್ ಮೇರಿಸ್‌ನ ಕಂಬಗಳಂತೆ ಅದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮನೆಯಲ್ಲಿ ಬಹಳ ದಿನಗಳಿಂದ ಮೌನವಾಗಿರುವವರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಅವರನ್ನು ಏನೂ ಕೇಳಬೇಡಿ. ಜೊತೆಯಲ್ಲಿ ಕುಳಿತು ಬಂಡೆಯನ್ನು ನೋಡಿ.