ಪಿಕಪ್ ಇಲ್ಲದ ಗಾಡಿ

ನೀವು ಕಾರು ಓಡಿಸುತ್ತೀರಾ? ಇಲ್ಲವಾದರೂ ಪುಟ ತಿರುವಬೇಡಿ. ನಾಳೆ ನಿಮ್ಮ ಮಗಳೋ ಸೊಸೆಯೋ ಸ್ಟಿಯರಿಂಗ್ ಹಿಡಿಯಬಹುದು. ಹೆಂಗಸರು ಗಾಡಿ ಓಡಿಸುವಂತಿಲ್ಲ ಎಂದಿದ್ದ ಸೌದಿಯಲ್ಲೇ 2018ರ ಜೂನ್‌ನಿಂದ ಅದಕ್ಕೆ ಅವಕಾಶ ಸಿಕ್ಕಿದೆ. ನನ್ನ ಯಜಮಾನರು ಅಲ್ಲೇ ದಮ್ಮಾಮ್‌ನಲ್ಲಿ ಕೆಲಸಕ್ಕಿದ್ದಾರೆ. ಇಲ್ಲಿ ಶಕ್ತಿನಗರದಲ್ಲಿ ನಾನು, ಇಬ್ಬರು ಮಕ್ಕಳು, ಅತ್ತೆ, ಮತ್ತು ಹತ್ತು ವರ್ಷ ಹಳೆಯ ಒಂದು ಡೀಸೆಲ್ ಎಸ್‌ಯುವಿ.

ಅತ್ತೆಗೆ ವಾರಕ್ಕೆರಡು ಸಲ ಡಯಾಲಿಸಿಸ್. ಅದಕ್ಕಾಗಿ ರಾಯಚೂರಿಗೆ ಸುಮಾರು 20 ಕಿಲೋಮೀಟರ್ ಹೋಗಬೇಕು. ಬಸ್ಸಿನಲ್ಲಿ ಹೋಗಿ ಬರುವ ಶಕ್ತಿ ಅವರಲ್ಲಿಲ್ಲ. ಒಂದು ಬೆಳಿಗ್ಗೆ ನಮ್ಮ ಮುಂದೆ ಬೂದಿ ತುಂಬಿದ ಟ್ಯಾಂಕರ್ ಲಾರಿ ಹೋಗುತ್ತಿತ್ತು. ರಸ್ತೆ ಖಾಲಿ ಇದೆಯೆಂದು ನೋಡಿಕೊಂಡೇ ಓವರ್‌ಟೇಕ್‌ಗೆ ಹೊರಟೆ. ಲಾರಿಯ ಅರ್ಧಕ್ಕೆ ಬಂದಿದ್ದೇನೆ, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ಏಳುತ್ತಿಲ್ಲ! ಎದುರಿನ ತಿರುವಿನಲ್ಲಿ ಬಸ್ಸು ಕಾಣಿಸಿತು. ಬ್ರೇಕ್ ಹಾಕಿ ಮತ್ತೆ ಲಾರಿಯ ಹಿಂದೆ ಸೇರಿಕೊಳ್ಳುವಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹಾದುಹೋಯಿತು. ಹಿಂದಿನ ಸೀಟಿನಲ್ಲಿ ಮಲಗಿದ್ದ ಅತ್ತೆ, "ಏನಾಯ್ತು ಬೇಟಿ?" ಎಂದರು. "ಏನಿಲ್ಲ ಅಮ್ಮೀ" ಎಂದೆ. ಆಸ್ಪತ್ರೆ ತಲುಪಿದ ಮೇಲೂ ನನ್ನ ಕಾಲು ನಡುಗುತ್ತಿತ್ತು.

ಮೈದುನನಿಗೆ ಹೇಳಿದೆ. "ಭಾಭೀ, ನೀವು ಗೇರ್ ಸರಿಯಾಗಿ ಇಳಿಸೋದಿಲ್ಲ" ಎಂದು ನಕ್ಕುಬಿಟ್ಟ. ಗಾಡಿ ತೆಗೆದುಕೊಂಡು ಊರೊಳಗೆ ಒಂದು ಸುತ್ತು ಹಾಕಿ ಬಂದು, "ಸೂಪರ್ ಇದೆ" ಎಂದ. ಮೊದಲ ಗ್ಯಾರೇಜಿನವರೂ ನಿಂತ ಗಾಡಿಯ ಬಾನೆಟ್ ಎತ್ತಿ, ಎರಡು ಸಲ ರೇಸ್ ಕೊಟ್ಟು, ಡೀಸೆಲ್ ಫಿಲ್ಟರ್ ಬದಲಿಸಿ ಕಳಿಸಿದರು. ಮಗುವಿನ ಜ್ವರ ಡಾಕ್ಟರ ಮುಂದೆ ಕೂತ ಕೂಡಲೇ ಇಳಿದುಬಿಡುತ್ತದಲ್ಲ, ಹಾಗಾಯಿತು ನನ್ನ ಕಥೆ. ನಾನೇ ಸುಳ್ಳುಗಾರ್ತಿ.

ಆಮೇಲೆ ಒಂದು ಕೆಲಸ ಮಾಡಿದೆ. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಪ್ರಯಾಣವನ್ನೂ ಬರೆಯತೊಡಗಿದೆ. ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟರೆ ತೊಂದರೆಯಿಲ್ಲ. ನಿಧಾನ ಹೋದರೆ ತೊಂದರೆಯಿಲ್ಲ. ನಾಲ್ಕನೇ ಗೇರಿನಲ್ಲಿ, ಮೀಟರಿನ ಮುಳ್ಳು 2,000 ದಾಟುವಾಗ ಒತ್ತಿದರೆ ಪಿಕಪ್ ಇಲ್ಲ, ಹಿಂದೆ ಕಪ್ಪು ಹೊಗೆ, ಮುಂದೆ ಬುಸ್ ಎನ್ನುವ ಸದ್ದು. ಎಸಿ ನಿಲ್ಲಿಸಿದರೂ ಅಷ್ಟೇ. ಕೆಲವೊಮ್ಮೆ ಎಂಜಿನ್ ಚಿತ್ರದ ದೀಪ ಹತ್ತುತ್ತದೆ. ಗಾಡಿ ನಿಲ್ಲಿಸಿ ಕೀ ತೆಗೆದು ಮತ್ತೆ ಹಾಕಿದರೆ ಸ್ವಲ್ಪ ಹೊತ್ತು ವಾಸಿ.

ಎರಡನೇ ಗ್ಯಾರೇಜು ದೊಡ್ಡದು. ಅಲ್ಲಿ ಕಂಪ್ಯೂಟರ್ ಜೋಡಿಸಿ ನೋಡಿದರು. ಪಿ 0299 ಎಂಬ ಕೋಡ್ ಬಂತು. "ಟರ್ಬೋ ಹೋಗಿದೆ ಮೇಡಂ, ಅರವತ್ತು ಸಾವಿರ" ಎಂದರು. ನನ್ನ ನೋಟ್‌ಬುಕ್ಕನ್ನು ಯಾರೂ ತೆರೆದು ನೋಡಲಿಲ್ಲ. ದಮ್ಮಾಮ್‌ನಿಂದ ಯಜಮಾನರು, "ಮಾರಿಬಿಡು" ಎಂದರು. ಮಾರಿದರೆ ಅತ್ತೆಯನ್ನು ಯಾವುದರಲ್ಲಿ ಕರೆದೊಯ್ಯಲಿ?

ಕೊನೆಗೆ ನೆರಮನೆಯವರ ಮಾತಿನಂತೆ, ಬೂದಿ ಟ್ಯಾಂಕರುಗಳ ರಿಪೇರಿ ಮಾಡುವ ವಯಸ್ಸಾದ ಮೇಸ್ತ್ರಿಯೊಬ್ಬರ ಬಳಿ ಹೋದೆ. ನೋಟ್‌ಬುಕ್ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ನೀವೇ ಓಡಿಸಿ, ನಾನು ಪಕ್ಕದಲ್ಲಿ ಕೂರ್ತೀನಿ" ಎಂದರು. ಹೆದ್ದಾರಿಯಲ್ಲಿ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ, "ಸಾಕು, ತಿರುಗಿಸಿ" ಎಂದರು.

ಅವರು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಟರ್ಬೋ ಎಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗುವ ಗಾಳಿಪಂಪು. ಅದು ಹೊರಗಿನ ಗಾಳಿಯನ್ನು ಒತ್ತಿ, ಇಂಟರ್‌ಕೂಲರ್‌ನಲ್ಲಿ ತಣಿಸಿ, ರಬ್ಬರ್ ಪೈಪಿನ ಮೂಲಕ ಎಂಜಿನ್ನಿಗೆ ತುಂಬುತ್ತದೆ. ಆ ಪೈಪು ಬಿರಿದಿದ್ದರೆ ನಿಂತ ಗಾಡಿಯಲ್ಲಿ ಒತ್ತಡವಿಲ್ಲದೆ ಬಿರುಕು ಮುಚ್ಚಿಕೊಂಡಿರುತ್ತದೆ, ಭಾರ ಬಿದ್ದಾಗ ಬಾಯಿ ಬಿಡುತ್ತದೆ. ಗಾಳಿ ಸೋರಿ ಹೋಗುತ್ತದೆ, ಡೀಸೆಲ್ ಮಾತ್ರ ಬರುತ್ತಲೇ ಇರುತ್ತದೆ. ಗಾಳಿಯಾಡದ ಸೀಮೆಎಣ್ಣೆ ಸ್ಟೌವಿನ ಹಾಗೆ ಕಪ್ಪು ಹೊಗೆ. ಆಗ ಗಾಡಿಯ ಕಂಪ್ಯೂಟರೇ ಎಂಜಿನ್ನಿಗೆ ಪೆಟ್ಟಾಗದಿರಲೆಂದು ಶಕ್ತಿ ಇಳಿಸುತ್ತದೆ. ಇನ್ನು ಆ ಕೋಡ್ ಹೇಳುವುದು ಗಾಳಿಯ ಒತ್ತಡ ಬೇಕಾದಷ್ಟಿಲ್ಲ ಎಂದಷ್ಟೇ. ಥರ್ಮಾಮೀಟರ್ ಜ್ವರ ಎಷ್ಟೆಂದು ಹೇಳುತ್ತದೆ, ಮಲೇರಿಯಾವೋ ಟೈಫಾಯಿಡೋ ಅದಕ್ಕೇನು ಗೊತ್ತು?

ಟಾರ್ಚ್ ಹಿಡಿದು ಕೆಳಗಿನ ಪೈಪು ತೋರಿಸಿದರು. ಕ್ಲಿಪ್ಪಿನ ಪಕ್ಕದಲ್ಲಿ ಎಣ್ಣೆ ಒಸರಿ, ಅದರ ಮೇಲೆ ಬೂದಿ ಹಪ್ಪಳದಂತೆ ಗಟ್ಟಿಯಾಗಿತ್ತು. ಒರೆಸಿದರೆ ಬೆರಳುದ್ದದ ಸೀಳು. ನಮ್ಮೂರ ಬೂದಿಯೇ ಕಳ್ಳನನ್ನು ಹಿಡಿದುಕೊಟ್ಟಿತ್ತು! ಟರ್ಬೋದ ಚಕ್ರವನ್ನೂ ಅಲುಗಿಸಿ ನೋಡಿದರು, ಗಟ್ಟಿಯಾಗಿತ್ತು. ಏರ್ ಫಿಲ್ಟರ್ ಹೊರತೆಗೆದು ಪೇಪರಿನ ಮೇಲೆ ಬಡಿದಾಗ ಬಿದ್ದದ್ದು ಒಂದು ಹಿಡಿ ಬೂದು ಹಿಟ್ಟು. ಮೊದಲೆರಡು ಗ್ಯಾರೇಜಿನವರು ಅದನ್ನು ಬಿಚ್ಚಿಯೂ ನೋಡಿರಲಿಲ್ಲ.

ಬೂದಿ ನಮಗೆ ಹೊಸದಲ್ಲ. 1985ರಲ್ಲಿ ಇಲ್ಲಿನ ಥರ್ಮಲ್ ಸ್ಟೇಷನ್ನಿನ ಮೊದಲ ಘಟಕ ಶುರುವಾಯಿತು, ಮುಂದೆ ಎಂಟು ಘಟಕಗಳಾಗಿ 1,720 ಮೆಗಾವಾಟಿಗೆ ಬೆಳೆಯಿತು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಶೇಕಡಾ 30ರಿಂದ 45ರಷ್ಟು ಬೂದಿಯೇ. ನಾಡಿಗೆಲ್ಲ ಬೆಳಕು ಹೋಗುತ್ತದೆ, ಒಣಹಾಕಿದ ಬಟ್ಟೆಯನ್ನು ಎರಡು ಸಲ ಕೊಡವುವವರು ನಾವು. ಫಿಲ್ಟರನ್ನಾದರೆ ಬದಲಿಸಬಹುದು. ನಮ್ಮ ಮಕ್ಕಳ ಎದೆಯೊಳಗಿನದನ್ನು? ಆ ಪೇಪರನ್ನು ಮಡಚುವಾಗ ನನಗೆ ಹೊಳೆದದ್ದು ಇದೇ.

ಪೈಪು ಬರಲು ನಾಲ್ಕು ದಿನ ಹಿಡಿಯಿತು. ಅಲ್ಲಿಯವರೆಗೆ ಟೇಪು ಸುತ್ತಿ ಕೊಡಿ ಎಂದು ಕೇಳಿದೆ. "ಬಿಸಿಗೆ, ಒತ್ತಡಕ್ಕೆ ಅದು ನಿಲ್ಲಲ್ಲಮ್ಮ" ಎಂದು ಒಪ್ಪಲಿಲ್ಲ. ಒಂದು ಸಲ ಆಟೋದಲ್ಲೇ ಅತ್ತೆಯನ್ನು ಕರೆದೊಯ್ದೆ, ದಾರಿಯುದ್ದಕ್ಕೂ ನರಳಿದರು. ಪೈಪು, ಎರಡು ಕ್ಲಿಪ್ಪು, ಏರ್ ಫಿಲ್ಟರ್, ಕೂಲಿ ಎಲ್ಲ ಸೇರಿ 3,400 ರೂಪಾಯಿ. ಹಳೆಯ ಪೈಪನ್ನು ಕೇಳಿ ತಂದೆ. ನೀವೂ ಕೇಳಿ ಪಡೆಯಿರಿ, ಸಂಕೋಚ ಬೇಡ. ಫಿಲ್ಟರಿನ ವಿಷಯದಲ್ಲಿ ಗಾಡಿಯ ಪುಸ್ತಕದ ಲೆಕ್ಕ ನಮ್ಮೂರಿಗಲ್ಲ, 5,000 ಕಿಲೋಮೀಟರಿಗೊಮ್ಮೆ ಬಿಚ್ಚಿ ನೋಡಿ ಎಂದು ಮೇಸ್ತ್ರಿ ಹೇಳಿದ್ದಾರೆ. ಬಿಚ್ಚುವುದು ಕಷ್ಟವಲ್ಲ, ನಮ್ಮ ಗಾಡಿಯಲ್ಲಿ ನಾಲ್ಕು ಕ್ಲಿಪ್ಪು ಅಷ್ಟೇ. ಈಗ ನಾನೇ ಮಾಡುತ್ತೇನೆ.

ಭಾನುವಾರ ಮೈದುನ ಊಟಕ್ಕೆ ಬಂದಾಗ ಆ ಪೈಪನ್ನು ತಟ್ಟೆಯ ಪಕ್ಕದಲ್ಲಿಟ್ಟೆ. ಬಗ್ಗಿಸಿ ಸೀಳು ನೋಡಿದ. "ಇಷ್ಟೇನಾ?" ಎಂದು ಕೇಳಿ ಬಿರಿಯಾನಿಗೆ ಕೈ ಹಾಕಿದ.